ಫಿಲಂ ಎಲ್ಲಿ ಕೂತಿದೆ?

ಕ್ಯಾಮೆರಾ ಲೆನ್ಸಿನ ಫೋಕಸ್ ಉಂಗುರದ ಕೊನೆಯಲ್ಲಿ ಅಡ್ಡ ಮಲಗಿದ ಎಂಟರಂಥ ಒಂದು ಗುರುತು ಇರುತ್ತದೆ. ಅನಂತದ ಗುರುತು. ನಕ್ಷತ್ರಗಳು ಹೇಗೂ ಅನಂತ ದೂರದಲ್ಲಿವೆ, ಉಂಗುರವನ್ನು ಅಲ್ಲಿಗೆ ತಿರುಗಿಸಿ ಬಿಟ್ಟರಾಯಿತು ಎಂದುಕೊಂಡು ಫಿಲಮ್ಮಿನಲ್ಲಿ ಆಕಾಶದ ಚಿತ್ರ ತೆಗೆಯಲು ಹೋಗಿ ಹಾಳಾದ ರೋಲುಗಳಿಗೆ ಲೆಕ್ಕವಿಲ್ಲ. ದೊಡ್ಡ ಟೆಲಿಫೋಟೊ ಲೆನ್ಸುಗಳಲ್ಲಂತೂ ಉಂಗುರ ಅನಂತವನ್ನು ದಾಟಿ ಇನ್ನೂ ಸ್ವಲ್ಪ ಹೋಗುವಂತೆ ಬೇಕೆಂದೇ ಮಾಡಿರುತ್ತಾರೆ. ಬಿಸಿಗೆ ಹಿಗ್ಗಿ ಚಳಿಗೆ ಕುಗ್ಗುವ ಲೋಹ ಮತ್ತು ಗಾಜಿಗೆ ಆ ಅವಕಾಶ ಬೇಕು. ಉಂಗುರ ತಡೆಗೆ ತಗಲುವವರೆಗೆ ತಿರುಗಿಸುವವರು ಆಕಾಶವನ್ನೇ ದಾಟಿ ಫೋಕಸ್ ಮಾಡಿರುತ್ತಾರೆ.

ಡಿಜಿಟಲ್ ಕ್ಯಾಮೆರಾದಲ್ಲಿ ನಕ್ಷತ್ರವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ನೋಡಬಹುದು, ಏಕೆಂದರೆ ಅಲ್ಲಿ ಬಿಂಬ ನೋಡುವ ಜಾಗವೂ ಚಿತ್ರ ದಾಖಲಾಗುವ ಜಾಗವೂ ಒಂದೇ. ಫಿಲಮ್ಮಿನಲ್ಲಿ ಆ ಸೌಲಭ್ಯವಿಲ್ಲ. ಫಿಲಂ ಕೂತ ಜಾಗದಲ್ಲಿ ಕಣ್ಣಿಡಲು ಆಗದು, ಕಣ್ಣಿಟ್ಟ ಜಾಗದಲ್ಲಿ ಫಿಲಂ ಇರದು. ಹಾಗಾಗಿ ಫಿಲಂ ಕ್ಯಾಮೆರಾದ ಎಲ್ಲ ಫೋಕಸ್ ವಿಧಾನಗಳೂ ಫಿಲಮ್ಮಿನ ಬದಲಿಗೆ ಬೇರೇನನ್ನೋ ಇಟ್ಟು ನೋಡುವ ವಿಧಾನಗಳೇ: ಫೋಕಸಿಂಗ್ ಸ್ಕ್ರೀನ್, ಮಬ್ಬುಗಾಜು, ಬ್ಲೇಡಿನ ಅಲಗು. ಲೆನ್ಸು ಎಷ್ಟು ಒಳ್ಳೆಯದು, ಕಣ್ಣು ಎಷ್ಟು ಚುರುಕು ಎಂಬ ಚರ್ಚೆಯೇ ಹೆಚ್ಚು ನಡೆಯುತ್ತದೆ. ಸೋಲುವುದು ಮಾತ್ರ ಹೆಚ್ಚಾಗಿ ಬೇರೆ ಕಡೆ, ಆ ಬದಲಿ ವಸ್ತುವಿಗೂ ನಿಜವಾದ ಫಿಲಮ್ಮಿಗೂ ನಡುವೆ ಇರುವ ಒಂದು ಕೂದಲೆಳೆಯ ಅಂತರದಲ್ಲಿ.

ಆ ಕೂದಲೆಳೆ ಎಷ್ಟು ದಪ್ಪ ಎಂದು ಮೊದಲು ಲೆಕ್ಕ ಹಾಕಿಬಿಡೋಣ. ಫಿಲಂ ಸರಿಯಾದ ಜಾಗದಿಂದ ಎಷ್ಟು ಸರಿದಿದೆಯೋ ಅದನ್ನು ಎಫ್ ಸಂಖ್ಯೆಯಿಂದ (ಫೋಕಲ್ ಲೆಂಗ್ತು ಲೆನ್ಸಿನ ಬಾಯಗಲದ ಎಷ್ಟು ಪಟ್ಟು ಎಂಬುದು) ಭಾಗಿಸಿದರೆ, ಚುಕ್ಕಿಯಾಗಬೇಕಿದ್ದ ನಕ್ಷತ್ರ ಎಷ್ಟು ಅಗಲದ ಬಿಲ್ಲೆಯಾಗಿ ಹರಡುತ್ತದೆ ಎಂಬುದು ಸಿಗುತ್ತದೆ. 0.02 ಮಿ.ಮೀ. ಬಿಲ್ಲೆಯವರೆಗೆ ಒಪ್ಪಬಹುದು ಎಂದುಕೊಳ್ಳಿ. ಆಗ ಎಫ್/10ರಲ್ಲಿ ಆಚೀಚೆ 0.2 ಮಿ.ಮೀ. ತಪ್ಪಿದರೂ ನಡೆಯುತ್ತದೆ. ಎಫ್/5.6ರಲ್ಲಿ 0.11, ಎಫ್/4ರಲ್ಲಿ 0.08, ಎಫ್/2.8ರಲ್ಲಿ 0.056. ಸಾಮಾನ್ಯ 35 ಮಿ.ಮೀ. ಫಿಲಮ್ಮಿನ ದಪ್ಪವೇ ಸುಮಾರು 0.13ರಿಂದ 0.15 ಮಿ.ಮೀ. ಅಂದರೆ ಎಫ್/4ರ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿದವರು ಫಿಲಮ್ಮಿನ ದಪ್ಪಕ್ಕಿಂತ ಕಡಿಮೆ ಅಂತರದೊಳಗೆ ಗುರಿ ಹೊಡೆಯಬೇಕು, ಅದೂ ಕತ್ತಲಲ್ಲಿ, ಗುರಿಯನ್ನು ನೋಡದೆ.

ದೂರದ ಬೆಟ್ಟದ ಮೇಲಿನ ದೀಪಕ್ಕೆ ಫೋಕಸ್ ಮಾಡಿಟ್ಟುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಲೆನ್ಸಿನ ಫೋಕಲ್ ಲೆಂಗ್ತಿನ ವರ್ಗವನ್ನು ದೀಪದ ದೂರದಿಂದ ಭಾಗಿಸಿ ನೋಡಿ. 50 ಮಿ.ಮೀ. ಲೆನ್ಸಿಗೆ ಒಂದು ಕಿ.ಮೀ. ದೂರದ ದೀಪ ತರುವ ತಪ್ಪು 0.0025 ಮಿ.ಮೀ., ಲೆಕ್ಕಕ್ಕೇ ಇಲ್ಲ. 200 ಮಿ.ಮೀ. ಲೆನ್ಸಿಗೆ 0.04, ಹೇಗೋ ಹೊಂದಿಕೊಳ್ಳಬಹುದು. 1000 ಮಿ.ಮೀ. ದೂರದರ್ಶಕಕ್ಕೆ ಬರೋಬ್ಬರಿ 1 ಮಿ.ಮೀ., ಎಫ್/4ರ ಮಿತಿಯ ಹನ್ನೆರಡು ಪಟ್ಟು! ದೂರದರ್ಶಕಕ್ಕೆ ನಕ್ಷತ್ರವೇ ಬೇಕು.

ಇನ್ನು ವ್ಯೂಫೈಂಡರಿನ ಮಾತು. ಎಸ್‌ಎಲ್‌ಆರ್ ಕ್ಯಾಮೆರಾದ (ಲೆನ್ಸಿನ ಬಿಂಬವನ್ನು ಒಳಗಿನ ಕನ್ನಡಿಯಿಂದ ಮೇಲಿನ ಸ್ಕ್ರೀನಿಗೆ ತಿರುಗಿಸುವ ಕ್ಯಾಮೆರಾ) ಸ್ಕ್ರೀನಿನ ನಡುವೆ ಇರುವ, ಫೋಕಸ್ ತಪ್ಪಿದಾಗ ಬಿಂಬವನ್ನು ಎರಡಾಗಿ ಸೀಳಿ ತೋರಿಸುವ ಪ್ರಿಸಂ ಹಗಲಿನ ಮುಖಚಿತ್ರಕ್ಕೆ ಚೆಂದ. ಎಫ್ ಸಂಖ್ಯೆ 5.6ಕ್ಕಿಂತ ದೊಡ್ಡದಾದ ದೂರದರ್ಶಕದಲ್ಲಿ ಅದರ ಅರ್ಧ ಭಾಗ ಕಪ್ಪಾಗಿ ಕೂರುತ್ತದೆ. ಅದನ್ನು ಬಿಟ್ಟು ಸುತ್ತಲಿನ ಮಬ್ಬುಭಾಗದಲ್ಲಿ ನೋಡಿದರೂ ಕಷ್ಟ ತಪ್ಪದು. 50 ಮಿ.ಮೀ. ಲೆನ್ಸಿನಲ್ಲಿ 0.9 ಪಟ್ಟು ತೋರಿಸುವ ಫೈಂಡರ್ ಎಂದರೆ ಸ್ಕ್ರೀನನ್ನು ಸುಮಾರು 55 ಮಿ.ಮೀ.ನ ಭೂತಗನ್ನಡಿಯಲ್ಲಿ ನೋಡಿದಂತೆ. ಹಗಲಲ್ಲಿ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲಾದ ಒಂದು ಆರ್ಕ್‌ಮಿನಿಟನ್ನು ಬಿಡಿಸಿ ನೋಡುವ ಕಣ್ಣು ಕತ್ತಲಲ್ಲಿ ಮೂರು ನಾಲ್ಕು ಆರ್ಕ್‌ಮಿನಿಟಿಗೆ ಇಳಿಯುತ್ತದೆ. ಅಂಥ ಕಣ್ಣಿಗೆ ಸ್ಕ್ರೀನಿನ ಮೇಲಿನ 0.05 ಮಿ.ಮೀ. ಬಿಲ್ಲೆಯೂ ಚುಕ್ಕಿಯಾಗಿಯೇ ಕಾಣುತ್ತದೆ. ಎಫ್/4ರಲ್ಲಿ ಅದು 0.2 ಮಿ.ಮೀ. ಫೋಕಸ್ ತಪ್ಪಿಗೆ ಸಮ. ಕಣ್ಣು "ಸರಿಯಾಗಿದೆ" ಎನ್ನುವ ಹೊತ್ತಿಗೆ ಮಿತಿಯ ಎರಡೂವರೆ ಪಟ್ಟು ಆಚೆ ಇರಬಹುದು.

ಆದ್ದರಿಂದಲೇ ಹಿಗ್ಗಿಸುವ ಸಾಧನಗಳು. 1972ರಲ್ಲಿ ಬಂದ ಒಲಿಂಪಸ್ ಓಎಂ-1 ಆಕಾಶ ಛಾಯಾಗ್ರಾಹಕರ ಅಚ್ಚುಮೆಚ್ಚಾಗಲು ಕಾರಣಗಳು ಒಂದೆರಡಲ್ಲ: ಬ್ಯಾಟರಿ ಬೇಡದ ಶಟರ್, ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ ಗುಂಡಿ, ಲೆನ್ಸಿನ ಬಾಯಿಂದಲೇ ಬದಲಿಸಬಹುದಾದ ಸ್ಕ್ರೀನುಗಳು. ಅವುಗಳಲ್ಲಿ 1-8 ಪೂರ್ತಿ ಮಬ್ಬಿನದು, 1-12 ಪಾರದರ್ಶಕ ಗಾಜಿನ ಮೇಲೆ ಗೆರೆ ಎಳೆದದ್ದು. ಕಣ್ಣಿಡುವ ಜಾಗಕ್ಕೆ ಸಿಕ್ಕಿಸುವ ವೇರಿಮ್ಯಾಗ್ನಿ ಫೈಂಡರ್ 1.2 ಪಟ್ಟಿನಿಂದ 2.5 ಪಟ್ಟಿಗೆ ಏರುತ್ತದೆ. ನಿಕಾನ್ ಎಫ್3ಗೆ ಡಿಡಬ್ಲ್ಯು-4 ಎಂಬ 6 ಪಟ್ಟಿನ ಫೈಂಡರ್ ಇದೆ. ಹೆಸರು ಕೇಳಿ ಹಿಗ್ಗಬೇಡಿ. ಅದು ಮಾಮೂಲಿ ಫೈಂಡರಿಗಿಂತ 6 ಪಟ್ಟು ಅಲ್ಲ. ಭೂತಗನ್ನಡಿಯ ಲೆಕ್ಕದಲ್ಲಿ ಮಾಮೂಲಿ ಫೈಂಡರೇ ಸುಮಾರು 4 ಪಟ್ಟು, ಹಾಗಾಗಿ ಸಿಗುವ ಲಾಭ ಒಂದೂವರೆಯಷ್ಟೇ.

ಹಿಗ್ಗಿಸಿದಂತೆಲ್ಲ ಮಬ್ಬುಗಾಜಿನ ಕಣಗಳೂ ಹಿಗ್ಗುತ್ತವೆ. ಮಂಕಾದ ನಕ್ಷತ್ರ ಆ ಕಣಗಳ ನಡುವೆ ಕಳೆದೇ ಹೋಗುತ್ತದೆ. ಪಾರದರ್ಶಕ ಸ್ಕ್ರೀನಿನಲ್ಲಿ ಈ ತೊಂದರೆ ಇಲ್ಲ, ಆದರೆ ಅಲ್ಲೊಂದು ಬಲೆ ಇದೆ. ಬಿಂಬ ಗಾಳಿಯಲ್ಲಿ ತೇಲುತ್ತಿರುತ್ತದೆ, ಅದು ಗಾಜಿನ ಹಿಂದಿರಲಿ ಮುಂದಿರಲಿ ಕಣ್ಣು ತಾನಾಗಿ ಹೊಂದಿಕೊಂಡು ಚುಕ್ಕಿಯಂತೆಯೇ ತೋರಿಸುತ್ತದೆ. ಎಳೆಯ ಕಣ್ಣುಗಳು ಇದರಲ್ಲಿ ಮಹಾ ಮೋಸಗಾರ. ಮೊದಲು ಗಾಜಿನ ಗೆರೆ ಕಡುಕಪ್ಪಾಗಿ ಕಾಣುವಂತೆ ಭೂತಗನ್ನಡಿಯನ್ನು ಹೊಂದಿಸಿ. ಆಮೇಲೆ ನಕ್ಷತ್ರವನ್ನು ಗೆರೆಯ ಪಕ್ಕಕ್ಕೆ ತಂದು ತಲೆಯನ್ನು ಎಡಕ್ಕೂ ಬಲಕ್ಕೂ ಒಂದಿಷ್ಟು ಆಡಿಸಿ. ನಕ್ಷತ್ರ ಗೆರೆಯನ್ನು ಬಿಟ್ಟು ಸರಿದರೆ ಎರಡೂ ಒಂದೇ ತಳದಲ್ಲಿಲ್ಲ. ಎರಡೂ ಅಂಟಿಕೊಂಡಂತೆ ಜೊತೆಗೇ ಸರಿದರೆ ಫೋಕಸ್ ಆಗಿದೆ. ಚುಕ್ಕಿ ಎಷ್ಟು ಚೂಪಾಗಿದೆ ಎಂದು ನೋಡುವುದಕ್ಕಿಂತ ಇದು ಎಷ್ಟೋ ನಂಬಿಕಸ್ಥ.

ಇಷ್ಟೆಲ್ಲ ಮಾಡಿ ಸಾಧಿಸಿದ್ದು ಸ್ಕ್ರೀನಿನ ಮೇಲಿನ ಫೋಕಸ್, ಫಿಲಮ್ಮಿನ ಮೇಲಿನದಲ್ಲ ಎಂಬುದು ಇಲ್ಲಿ ನೆನಪಾಗಬೇಕು. ಕನ್ನಡಿ 45 ಡಿಗ್ರಿಯಲ್ಲಿ ಒಂದು ಸಣ್ಣ ತಡೆಗೂಟದ ಮೇಲೆ ಒರಗಿ ನಿಂತಿರುತ್ತದೆ. ಆ ಗೂಟ ಸವೆದಿದ್ದರೆ, ಹಿಂದೆ ಯಾರೋ ರಿಪೇರಿ ಮಾಡುವಾಗ ತಿರುಗಿಸಿದ್ದರೆ, ಸ್ಕ್ರೀನ್ ಕೂರುವ ಚೌಕಟ್ಟಿನಲ್ಲಿ ಹಳೆಯ ಫೋಮ್ ಕರಗಿ ಅಂಟಿನಂತಾಗಿದ್ದರೆ, ಸ್ಕ್ರೀನಿನ ದಾರಿ ಮತ್ತು ಫಿಲಮ್ಮಿನ ದಾರಿ ಬೇರೆಬೇರೆ ಆಗುತ್ತವೆ. ನಲವತ್ತು ಐವತ್ತು ವರ್ಷ ಹಳೆಯ ಕ್ಯಾಮೆರಾಗಳಲ್ಲಿ ಇದೇನೂ ಅಪರೂಪವಲ್ಲ. ಹಗಲಲ್ಲಿ ಎಫ್/8ರಲ್ಲಿ ತೆಗೆಯುವವರಿಗೆ ಇದು ಜನ್ಮದಲ್ಲಿ ಗೊತ್ತಾಗದು.

ಸ್ಕ್ರೀನನ್ನೇ ಬಿಟ್ಟು, ಫಿಲಂ ಕೂರುವ ಜಾಗಕ್ಕೇ ಹೋಗುವ ದಾರಿ ಬ್ಲೇಡಿನದು. 1858ರ ಸುಮಾರಿಗೆ ಫ್ರೆಂಚ್ ವಿಜ್ಞಾನಿ ಫೂಕೋ ದೂರದರ್ಶಕದ ಕನ್ನಡಿ ಪರೀಕ್ಷಿಸಲು ಬಳಸಿದ ಉಪಾಯವೇ ಇದು. ಫಿಲಂ ಹಾಕುವ ಮೊದಲು ಕ್ಯಾಮೆರಾವನ್ನು ದೂರದರ್ಶಕಕ್ಕೆ ಜೋಡಿಸಿ, ಹಿಂಬಾಗಿಲು ತೆರೆದು, ಶಟರನ್ನು ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಬಿ ಸ್ಥಾನದಲ್ಲಿಟ್ಟು ಕೇಬಲ್ ರಿಲೀಸಿನ ತಿರುಪು ಬಿಗಿ ಮಾಡಿ. ಶಟರ್ ತೆರೆದೇ ಇರಲಿ, ಕೈ ಮಾತ್ರ ಒಳಗೆ ಜಾರದಿರಲಿ. ಚೌಕದ ಮೇಲೂ ಕೆಳಗೂ ಎರಡೆರಡು ಲೋಹದ ಹಳಿಗಳು ಕಾಣುತ್ತವೆ. ಫಿಲಮ್ಮಿನ ಅಂಚು ಒರಗುವುದು ಒಳಹಳಿಯ ಮೇಲೆ. ಹೊರಹಳಿ ಅದಕ್ಕಿಂತ ಸುಮಾರು 0.2 ಮಿ.ಮೀ. ಎತ್ತರ, ಫಿಲಮ್ಮನ್ನು ಹಿಂದಿನಿಂದ ಒತ್ತಿಹಿಡಿಯುವ ಬಾಗಿಲಿನ ಪ್ರೆಶರ್ ಪ್ಲೇಟ್ ಒರಗುವುದು ಅದಕ್ಕೆ. ಬ್ಲೇಡು ಕೂರಬೇಕಾದ್ದು ಒಳಹಳಿಯ ಮೇಲೆ. ಕ್ಷೌರದ ಬ್ಲೇಡಿನ ಉದ್ದ ಸುಮಾರು 43 ಮಿ.ಮೀ., ಹೊರಹಳಿಗಳ ನಡುವಿನ ಅಂತರವೋ ಫಿಲಮ್ಮಿನ ಅಗಲದಷ್ಟು, 35 ಮಿ.ಮೀ. ಇಡೀ ಬ್ಲೇಡನ್ನು ಮೇಲಿಂದ ಕೆಳಕ್ಕೆ ನಿಲ್ಲಿಸಿಟ್ಟರೆ ಅದು ಹೊರಹಳಿಯ ಮೇಲೆ ಕೂತು 0.2 ಮಿ.ಮೀ. ತಪ್ಪು ಮೊದಲ ಹೆಜ್ಜೆಗೇ ಸೇರಿಬಿಡುತ್ತದೆ. ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಡಿದು 33 ಮಿ.ಮೀ.ಗೆ ಮುರಿದುಕೊಳ್ಳಿ.

ಅಲಗಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಎರಡೂ ಕಡೆಯಿಂದ ಮಸೆದ ಬ್ಲೇಡಿನಲ್ಲಿ ಅಲಗು ಇರುವುದು ದಪ್ಪದ ನಟ್ಟನಡುವೆ. 0.1 ಮಿ.ಮೀ. ದಪ್ಪದ ಕ್ಷೌರದ ಬ್ಲೇಡಾದರೆ ಅಲಗು ಹಳಿಯಿಂದ 0.05 ಮಿ.ಮೀ. ಹಿಂದೆ. ಬಣ್ಣ ಕೆರೆಯುವ ದಪ್ಪ ಬ್ಲೇಡುಗಳಲ್ಲಿ ಇದು 0.1 ದಾಟುತ್ತದೆ. ತೆಳ್ಳಗಿನದೇ ವಾಸಿ.

ಈಗ ಒಂದನೇ ಅಥವಾ ಎರಡನೇ ಕಾಂತಿಮಾನದ, ಅಂದರೆ ಚೆನ್ನಾಗಿ ಹೊಳೆಯುವ, ನಕ್ಷತ್ರ ಹಿಡಿಯಿರಿ. ಆಕಾಶದಲ್ಲಿ ನೀವು ಚಿತ್ರ ತೆಗೆಯಲಿರುವ ಭಾಗದ ಎತ್ತರದಲ್ಲೇ ಅದು ಇರಲಿ, ಏಕೆಂದರೆ ಕೊಳವೆ ವಾಲಿದಂತೆ ಕನ್ನಡಿಗಳೂ, ಕ್ಯಾಮೆರಾವನ್ನು ಒಳಕ್ಕೆ ಹೊರಕ್ಕೆ ಸರಿಸುವ ಫೋಕಸರೂ ಸರಿಯುತ್ತವೆ. ದೂರದರ್ಶಕವನ್ನು ಆಕಾಶದ ಜೊತೆಗೆ ತಿರುಗಿಸುವ ಮೋಟಾರು ಓಡುತ್ತಿರಲಿ. ಕಣ್ಣನ್ನು ಚೌಕದ ಹಿಂದೆ ಇಟ್ಟರೆ ನಕ್ಷತ್ರ ಚುಕ್ಕಿಯಾಗಿ ಕಾಣದು. ದೂರದರ್ಶಕದ ಇಡೀ ಬಾಯಿ ಬೆಳಕಿನ ತಟ್ಟೆಯಂತೆ ತುಂಬಿಕೊಂಡಿರುತ್ತದೆ. ಬ್ಲೇಡನ್ನು ಕೈಯಲ್ಲಿ ಸರಿಸಬೇಡಿ, ನಡುಗುತ್ತದೆ. ಬ್ಲೇಡನ್ನು ಟೇಪಿನಿಂದ ಹಿಡಿದಿಟ್ಟು, ನಿಧಾನಗತಿಯ ಗುಂಡಿಯಿಂದ ನಕ್ಷತ್ರವನ್ನೇ ಅಲಗಿನ ಕಡೆಗೆ ತನ್ನಿ. ಬೆಳಕಿನ ತಟ್ಟೆಯ ಮೇಲೆ ನೆರಳು ಹರಿಯುತ್ತದೆ. ಬ್ಲೇಡು ಇರುವ ಕಡೆಯಿಂದಲೇ ನೆರಳು ಬಂದರೆ ಕಿರಣಗಳು ಸೇರುವ ಮೊದಲೇ ಅಲಗು ಅವನ್ನು ಕತ್ತರಿಸುತ್ತಿದೆ. ಫೋಕಸ್ ಬಿಂದು ಫಿಲಮ್ಮಿನ ಹಿಂದಿದೆ, ಕ್ಯಾಮೆರಾವನ್ನು ಹೊರಕ್ಕೆ ಸರಿಸಬೇಕು. ಎದುರು ಕಡೆಯಿಂದ ಬಂದರೆ ಕಿರಣಗಳು ಆಗಲೇ ಸೇರಿ ಅಡ್ಡ ದಾಟಿವೆ, ಒಳಕ್ಕೆ ಸರಿಸಬೇಕು. ಎಲ್ಲಿಂದ ಬಂತು ಎಂದು ಹೇಳಲಾಗದಂತೆ ಇಡೀ ತಟ್ಟೆ ಒಮ್ಮೆಗೇ ಬೂದಾಗಿ ಆರಿಹೋದರೆ, ಅಲಗು ಸರಿಯಾದ ಜಾಗದಲ್ಲಿದೆ. ನೆರಳು ದಿಕ್ಕು ಬದಲಿಸುವುದನ್ನು ಎರಡೂ ಕಡೆಯಿಂದ ನಾಲ್ಕೈದು ಸಲ ನೋಡಿ, ಕೊನೆಯ ಸರಿಸುವಿಕೆಯನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಮಾಡಿ. ಹಲ್ಲುಗಾಲಿಯ ಫೋಕಸರಿನಲ್ಲಿ ಸಡಿಲ ಇದ್ದೇ ಇರುತ್ತದೆ. ಬಿಗಿ ಮಾಡುವ ತಿರುಪು ತಿರುಗಿಸಿದಾಗ ನಳಿಗೆ ಒಂದಿಷ್ಟು ಅಲ್ಲಾಡುವುದರಿಂದ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಅಲಗಿನ ಬದಲು ಮಿಲಿಮೀಟರಿಗೆ ನಾಲ್ಕರಂತೆ ಸಮಾನಾಂತರ ಗೆರೆಗಳಿರುವ ರೋಂಕಿ ಗಾಜನ್ನು, ಗೆರೆಗಳು ಲೆನ್ಸಿನ ಕಡೆಗಿರುವಂತೆ ಒಳಹಳಿಯ ಮೇಲಿಟ್ಟರೂ ಆದೀತು. ಫೋಕಸ್ ಹತ್ತಿರವಾದಂತೆ ತಟ್ಟೆಯ ಮೇಲಿನ ಪಟ್ಟೆಗಳು ಕಡಿಮೆಯಾಗುತ್ತ, ಅಗಲವಾಗುತ್ತ, ಕೊನೆಗೆ ಇಡೀ ತಟ್ಟೆ ಒಂದೇ ಪಟ್ಟೆಯೊಳಗೆ ಮುಳುಗುತ್ತದೆ. ಗಾಳಿ ಅಲುಗಾಡುವ ರಾತ್ರಿ ಇದು ಬ್ಲೇಡಿಗಿಂತ ಸಮಾಧಾನ. ಗೆರೆಗಳನ್ನು ತಪ್ಪಿ ಕಣ್ಣಿನ ಕಡೆಗೆ ಇಟ್ಟರೆ ಮಾತ್ರ ಗಾಜಿನ ದಪ್ಪವೇ ತಪ್ಪಾಗಿ ಕೂರುತ್ತದೆ.

ಇಷ್ಟಾದರೂ ಅಲಗು ಫಿಲಂ ಅಲ್ಲ. ಒಳಹಳಿಗೂ ಪ್ರೆಶರ್ ಪ್ಲೇಟಿಗೂ ನಡುವೆ 0.2 ಮಿ.ಮೀ. ಜಾಗ, ಫಿಲಮ್ಮಿನ ದಪ್ಪ 0.14. ಉಳಿದ 0.06 ಮಿ.ಮೀ.ನಲ್ಲಿ ಫಿಲಂ ತನಗೆ ಬೇಕಾದಲ್ಲಿ ಕೂರುತ್ತದೆ. ಎಫ್/2.8ರ ಪೂರ್ತಿ ಮಿತಿಯನ್ನು ಈ ಸಡಿಲವೊಂದೇ ನುಂಗಬಲ್ಲದು. ಹಿಂದೆ ಆಕಾಶಕ್ಕೆಂದೇ ಹೆಸರಾಗಿದ್ದ ಕೊಡಾಕ್ ಟೆಕ್ನಿಕಲ್ ಪ್ಯಾನ್ 2415 ಇನ್ನೂ ತೆಳ್ಳಗೆ, ಅದರ ಪಾಲಿಯೆಸ್ಟರ್ ತಳ 0.1 ಮಿ.ಮೀ. ಮಾತ್ರ. ಅಷ್ಟೇ ಹೆಚ್ಚು ಸಡಿಲ.

ಇದಕ್ಕೆ ಉತ್ತರ ಫಿಲಮ್ಮನ್ನೇ ಕೇಳುವುದು. ನಾನು ಇದನ್ನು ಗೆರೆ ಪರೀಕ್ಷೆ ಎನ್ನುತ್ತೇನೆ. ಉಳಿದೆಲ್ಲ ವಿಧಾನ ಬಿಟ್ಟರೂ ಇದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಖಗೋಳ ವಿಷುವದ್ವೃತ್ತದ, ಅಂದರೆ ಭೂಮಿಯ ನಡುರೇಖೆಯ ನೇರಕ್ಕೆ ಆಕಾಶದಲ್ಲಿ ಹಾಯುವ ವೃತ್ತದ, ಹತ್ತಿರದ ನಕ್ಷತ್ರ ಬೇಕು, ಮಹಾವ್ಯಾಧನ ನಡುಪಟ್ಟಿಯ ಮೂರರಲ್ಲಿ ಒಂದು ಬಲು ಅನುಕೂಲ. ಧ್ರುವದ ಕಡೆಗೆ ಹೋದಷ್ಟೂ ನಕ್ಷತ್ರ ನಿಧಾನವಾಗಿ ಸರಿಯುತ್ತದೆ, ಗೆರೆ ಗಿಡ್ಡವಾಗುತ್ತದೆ. ಮೋಟಾರು ನಿಲ್ಲಿಸಿ, ಶಟರ್ ತೆರೆದಿಟ್ಟು, ಲೆನ್ಸಿನ ಮುಂದೆ ಕಪ್ಪು ರಟ್ಟು ಹಿಡಿದು ಬೆಳಕನ್ನು ಬಿಟ್ಟು ತಡೆದು ಮಾಡಬೇಕು. ಅಲಗು ಹೇಳಿದ ಜಾಗದಿಂದ ಮೂರು ಹೆಜ್ಜೆ ಒಳಗೆ ಶುರು ಮಾಡಿ. 1000 ಮಿ.ಮೀ. ದೂರದರ್ಶಕವಾದರೆ 20 ಸೆಕೆಂಡು ಬೆಳಕು, 10 ಸೆಕೆಂಡು ತಡೆ. ಆ ತಡೆಯಲ್ಲಿ ಫೋಕಸರನ್ನು ಒಂದು ಹೆಜ್ಜೆ, ಅಂದರೆ 0.05 ಮಿ.ಮೀ., ಸರಿಸಿ ಮತ್ತೆ ಬೆಳಕು. ಒಂದೊಂದು ಗೆರೆ 1.45 ಮಿ.ಮೀ. ಉದ್ದ ಬರುತ್ತದೆ, ಏಳು ಗೆರೆಗಳು ಸುಮಾರು 15 ಮಿ.ಮೀ.ನಲ್ಲಿ ಒಂದರ ಹಿಂದೊಂದು ಸಾಲುಗಟ್ಟುತ್ತವೆ. 200 ಮಿ.ಮೀ. ಲೆನ್ಸಿಗೆ 60 ಸೆಕೆಂಡು ಬೆಳಕು, 30 ಸೆಕೆಂಡು ತಡೆ. ಮೊದಲ ಗೆರೆಯಾದ ಮೇಲಿನ ತಡೆಯನ್ನು ಮಾತ್ರ ದುಪ್ಪಟ್ಟು ಮಾಡಿ. ಇಲ್ಲದಿದ್ದರೆ ಡೆವಲಪ್ ಮಾಡಿದ ಮೇಲೆ ಯಾವ ತುದಿ ಮೊದಲು ಎಂದು ಗೊತ್ತಾಗುವುದಿಲ್ಲ.

ಹೆಜ್ಜೆ ಅಳೆಯಲು ಫೋಕಸರಿಗೆ 0.01 ಮಿ.ಮೀ. ಓದುವ ಡಯಲ್ ಗೇಜ್ ಕಟ್ಟಿದರೆ ಮುಗಿಯಿತು. ಲೆನ್ಸಿನ ಉಂಗುರಕ್ಕಾದರೆ ಮಿಲಿಮೀಟರ್ ಕಾಗದದ ಪಟ್ಟಿ ಸುತ್ತಿ, ಅರ್ಧ ಮಿ.ಮೀ.ನಂತೆ ತಿರುಗಿಸಿ. ಚಿತ್ರ ತೆಗೆಯುವ ಅಪರ್ಚರಿನಲ್ಲೇ ಪರೀಕ್ಷೆಯೂ ನಡೆಯಲಿ, ಕೆಲವು ಲೆನ್ಸುಗಳ ಫೋಕಸ್ ಅಪರ್ಚರ್ ಕಿರಿದಾದಂತೆ ಸರಿಯುತ್ತದೆ. ನೆಗೆಟಿವನ್ನು 10 ಪಟ್ಟಿನ ಲೂಪಿನಲ್ಲಿ ನೋಡಿದರೆ ಅತಿ ಸಣಕಲು, ಅತಿ ಕಪ್ಪಾದ ಗೆರೆಯೇ ಉತ್ತರ. ಅಕ್ಕಪಕ್ಕದ ಎರಡು ಗೆರೆ ಒಂದೇ ಥರ ಕಂಡರೆ ಅವುಗಳ ನಡುವಿನ ಸ್ಥಾನ ಹಿಡಿಯಿರಿ. ಲೆನ್ಸಿನ ಬಾಯಿಗೆ ಎರಡು ತೂತಿನ ಹಾರ್ಟ್‌ಮನ್ ರಟ್ಟನ್ನು, ತೂತುಗಳು ಉತ್ತರ ದಕ್ಷಿಣವಾಗಿ ಬರುವಂತೆ ಇಟ್ಟರೆ ಇನ್ನೂ ಸ್ಪಷ್ಟ. ಫೋಕಸ್ ತಪ್ಪಿದಲ್ಲಿ ಜೋಡಿಗೆರೆ, ಸರಿಯಿದ್ದಲ್ಲಿ ಒಂಟಿಗೆರೆ. ತೂತುಗಳು ಪೂರ್ವ ಪಶ್ಚಿಮವಾದರೆ ಎರಡೂ ಗೆರೆ ಒಂದರ ಮೇಲೊಂದು ಬಿದ್ದು ಏನೂ ತಿಳಿಯದು.

ಅಲಗು ಹೇಳಿದ್ದಕ್ಕೂ ಗೆರೆ ಹೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಆ ಕ್ಯಾಮೆರಾಕ್ಕೆ, ಆ ಫಿಲಮ್ಮಿಗೆ ಅದು ಹೆಚ್ಚುಕಡಿಮೆ ಸ್ಥಿರ. ಮುಂದಿನ ಸಲ ಅಲಗಿನಲ್ಲಿ ಹಿಡಿದು, ಗೇಜಿನಲ್ಲಿ ಅಷ್ಟು ಸರಿಸಿದರೆ ಸಾಕು. ಅಗಲ ನೋಟದ 24, 35 ಮಿ.ಮೀ. ಲೆನ್ಸುಗಳಿಗೆ ಅಲಗಿನ ವಿಧಾನವೇ ಒಗ್ಗದು, ಬೆಳಕಿನ ತಟ್ಟೆ ತೀರಾ ಚಿಕ್ಕದು. ಅವಕ್ಕೆ ಗೆರೆ ಪರೀಕ್ಷೆ ಮಾಡಿ, ಉಂಗುರಕ್ಕೆ ಗುರುತು ಹಾಕಿ, ಟೇಪು ಸುತ್ತಿ ಮರೆತುಬಿಡಿ.

ಇನ್ನು ರಾತ್ರಿಯೇ ಮಾಡುವ ಕಿತಾಪತಿ. ಅಲ್ಯೂಮಿನಿಯಂ ಕೊಳವೆ ಒಂದು ಮೀಟರಿಗೆ, ಒಂದು ಡಿಗ್ರಿಗೆ 0.023 ಮಿ.ಮೀ. ಕುಗ್ಗುತ್ತದೆ. ಸಂಜೆ ಏಳಕ್ಕೆ ಹಿಡಿದ ಫೋಕಸ್ ನಡುರಾತ್ರಿಗೆ ಐದು ಡಿಗ್ರಿ ಇಳಿದಾಗ 0.115 ಮಿ.ಮೀ. ಸರಿದಿರುತ್ತದೆ, ಎಫ್/4ರ ಮಿತಿಯ ಆಚೆಗೆ. ಉಕ್ಕಿನಲ್ಲಿ ಇದರ ಅರ್ಧ, ಕಾರ್ಬನ್ ನಾರಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ಕೊಳವೆಗೊಂದು ಥರ್ಮಾಮೀಟರ್ ಅಂಟಿಸಿ, ಪ್ರತಿ ಮೂರು ಡಿಗ್ರಿಗೆ ಗೇಜನ್ನು ಲೆಕ್ಕದಂತೆ ಸರಿಸುವುದು ರೋಲಿನ ನಡುವೆ ಇರುವ ಒಂದೇ ದಾರಿ, ಏಕೆಂದರೆ ಫಿಲಂ ಒಳಗಿರುವಾಗ ಹಿಂಬಾಗಿಲು ತೆರೆಯುವಂತಿಲ್ಲ.

ಫಿಲ್ಟರ್ ಕೂಡ ಫೋಕಸಿನ ಭಾಗವೇ. ಲೆನ್ಸಿನ ಹಿಂದೆ, ಫಿಲಮ್ಮಿನ ದಾರಿಯಲ್ಲಿ 3 ಮಿ.ಮೀ. ಗಾಜು ಸೇರಿದರೆ ಫೋಕಸ್ ಸುಮಾರು 1 ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಜೊತೆಗೆ ಕಣ್ಣು ಹಸಿರಿನಲ್ಲಿ ಚುರುಕು, ಫಿಲಂ ನೇರಳೆ ನೀಲಿಯನ್ನೂ ಹೈಡ್ರೋಜನ್ನಿನ 656.3 ನ್ಯಾನೋಮೀಟರ್ ಕೆಂಪನ್ನೂ ಹಿಡಿಯಬಲ್ಲದು. ಎರಡು ಗಾಜಿನ ಸಾದಾ ಲೆನ್ಸು ಈ ಬಣ್ಣಗಳನ್ನು ಒಂದೇ ಜಾಗದಲ್ಲಿ ಸೇರಿಸದು. ಯಾವ ಫಿಲ್ಟರಿನಲ್ಲಿ ತೆಗೆಯುತ್ತೀರೋ ಅದನ್ನು ಹಾಕಿಯೇ ಫೋಕಸ್ ಮಾಡಿ.

ಕೊನೆಯ ಶತ್ರು ತೇವ. ಫಿಲಮ್ಮಿನ ಮೇಲೆ ಬೆಳಕು ಹಿಡಿಯುವ ಪದರವಾದ ಎಮಲ್ಷನ್ ಅಂದರೆ ಜೆಲಾಟಿನ್, ನೀರು ಕುಡಿದರೆ ಉಬ್ಬುತ್ತದೆ. ಅದರ ಕೆಳಗಿನ ಪ್ಲಾಸ್ಟಿಕ್ ಅಷ್ಟು ಉಬ್ಬದು. ಅರ್ಧ ಗಂಟೆ ಶಟರ್ ತೆರೆದಿಟ್ಟಾಗ ಇಬ್ಬನಿಯ ಗಾಳಿ ತಗಲಿ ಫಿಲಮ್ಮಿನ ನಡುಭಾಗ ಲೆನ್ಸಿನ ಕಡೆಗೆ ಹಪ್ಪಳದಂತೆ ಏಳುತ್ತದೆ. ಎದುರಿಗೆ ತಡೆಯುವುದು ಏನೂ ಇಲ್ಲ. ಮಂದ ಬೆಳಕಿಗೆ ಚುರುಕಾಗಲೆಂದು ಹೈಡ್ರೋಜನ್ ಬೆರೆತ ಅನಿಲದಲ್ಲಿ ಬೇಯಿಸಿ ಒಣಗಿಸಿದ ಫಿಲಂ ಇದರಲ್ಲಿ ಇನ್ನೂ ಕೆಟ್ಟದು. 1990ರ ಕಾಂಟ್ಯಾಕ್ಸ್ ಆರ್‌ಟಿಎಸ್ 3 ಫಿಲಮ್ಮನ್ನು ನಿರ್ವಾತದಿಂದ ಹಿಂದಕ್ಕೆ ಎಳೆದು ಹಿಡಿಯುತ್ತಿತ್ತು. ಪೆಂಟಾಕ್ಸ್ 67ರಂಥ ದೊಡ್ಡ ಫಿಲಮ್ಮಿನ ಕ್ಯಾಮೆರಾಗಳ ಬಾಗಿಲಿಗೆ ತೂತು ಕೊರೆದು ಹೀರುವ ಪಂಪು ಜೋಡಿಸಿದ ಹವ್ಯಾಸಿಗಳೂ ಇದ್ದಾರೆ. ಅಷ್ಟು ದೂರ ಹೋಗದವರು ಫಿಲಂ ಹಾಕಿದ ಮೇಲೆ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಲಿ, ಒಂದೇ ಉದ್ದದ ಒಡ್ಡಿಕೆಯ ಬದಲು ಎರಡು ಗಿಡ್ಡವು ತೆಗೆಯಲಿ.

ನೆಗೆಟಿವ್ ಕೈಗೆ ಬಂದಾಗ ತಪ್ಪು ಯಾರದು ಎಂದು ಅದೇ ಹೇಳುತ್ತದೆ. ಎಲ್ಲ ಫ್ರೇಮಿನಲ್ಲೂ, ಎಲ್ಲ ಮೂಲೆಯಲ್ಲೂ ನಕ್ಷತ್ರಗಳು ಒಂದೇ ಗಾತ್ರದ ಬಿಲ್ಲೆಗಳಾದರೆ ಫೋಕಸ್ ಹಿಡಿದದ್ದೇ ತಪ್ಪು. ಒಂದು ಪಕ್ಕ ಚೂಪು, ಇನ್ನೊಂದು ಪಕ್ಕ ದಪ್ಪ ಆದರೆ ಕ್ಯಾಮೆರಾ ವಾಲಿದೆ. ಕ್ಯಾಮೆರಾವನ್ನು ದೂರದರ್ಶಕಕ್ಕೆ ಜೋಡಿಸುವ ಟಿ-ರಿಂಗಿನ ಮೂರು ಪುಟ್ಟ ತಿರುಪುಗಳನ್ನು ಮೊದಲು ಅನುಮಾನಿಸಿ. ಮೊದಲ ಫ್ರೇಮಿನಿಂದ ಕೊನೆಯವರೆಗೆ ಒಂದೇ ಸಮನೆ ದಪ್ಪವಾಗುತ್ತ ಹೋದರೆ ಅದು ತಾಪಮಾನ. ಅಂಚು ಚೂಪಾಗಿದ್ದು ನಡುಭಾಗ ಮಾತ್ರ ಮಂಕಾಗಿ, ಅದೂ ಒಂದು ಫ್ರೇಮಿನಲ್ಲಿದ್ದು ಪಕ್ಕದ್ದರಲ್ಲಿ ಇಲ್ಲದಿದ್ದರೆ ಫಿಲಂ ಎದ್ದಿದೆ. ಆಗ ಫೋಕಸರನ್ನು ಮುಟ್ಟಬೇಡಿ, ಬಾಗಿಲು ತೆರೆದು ಪ್ರೆಶರ್ ಪ್ಲೇಟನ್ನು ಬೆರಳಿನಿಂದ ನಾಲ್ಕೂ ಮೂಲೆಯಲ್ಲಿ ಒತ್ತಿ ಸ್ಪ್ರಿಂಗ್ ಸಮನಾಗಿ ಮರಳುತ್ತದೆಯೇ ನೋಡಿ.